ನಲ್ಲಿ ಮಾರುವ ಮುನ್ನ ನೀರಿನ ವಿಚಾರ ಕೇಳಬೇಕು

ಮನೆ ಕಟ್ಟುವವರು ಹಿಂದೆ ಬಾಗಿಲು ಕಿಟಕಿಗಳ ಮರದ ಬಗ್ಗೆ ತೋರುತ್ತಿದ್ದ ಆಸ್ಥೆಯನ್ನು ಈಗ ಸ್ನಾನಗೃಹದ ನಲ್ಲಿಗಳ ಬಗ್ಗೆ ತೋರುತ್ತಿದ್ದಾರೆ. ಹಂಡೆ ಒಲೆಗಳಿದ್ದ ಬಚ್ಚಲುಮನೆಗೆ ಟೈಲ್ಸ್ ಬಂದಿದೆ, ಸೂರಿನ ಮೇಲೆ ಸೋಲಾರ್ ಬಂದಿದೆ. ಕೊಳ್ಳೇಗಾಲ ಪಟ್ಟಣದವರಷ್ಟೇ ಅಲ್ಲ, ಹನೂರು, ಯಳಂದೂರು ತಾಲ್ಲೂಕುಗಳ ಹಳ್ಳಿಗಳವರೂ ಒಂದೇ ಹಿಡಿಯಲ್ಲಿ ಬಿಸಿನೀರು ತಣ್ಣೀರು ಬೆರೆಸುವ ಸಿಂಗಲ್ ಲಿವರ್ ಮಿಕ್ಸರ್ ಕೇಳಿಕೊಂಡು ಅಂಗಡಿಗೆ ಬರುತ್ತಾರೆ. ವರ್ತಕರಾದ ನಮಗೆ ಇದು ಸಂತಸದ ವಿಷಯವೇ. ಆದರೆ ಮಾರಿದ ಮಾಲು ವರ್ಷ ತುಂಬುವ ಮೊದಲೇ ಹಿಂದಿರುಗಿ ಬಂದರೆ ಲಾಭವೂ ಉಳಿಯದು, ಗಿರಾಕಿಯೂ ಉಳಿಯನು.

ಈ ಮಾತನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ಹನೂರು ಕಡೆಯ ರೈತರೊಬ್ಬರಿಗೆ ಅವರು ಮೆಚ್ಚಿದ ದುಬಾರಿ ಮಿಕ್ಸರನ್ನು ಮರುಮಾತಿಲ್ಲದೆ ಕೊಟ್ಟಿದ್ದೆ. ಎಂಟು ತಿಂಗಳಿಗೆ ಅದು ತೊಟ್ಟಿಕ್ಕತೊಡಗಿತು, ಷವರಿನಲ್ಲಿ ನೀರು ಎಳೆಯಷ್ಟೇ ಬರುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿಯ ಗಟ್ಟಿ ಪದರ, ಜೊತೆಗೆ ಮರಳಿನ ಕಣ. ನಲ್ಲಿಯಲ್ಲಿ ದೋಷವಿರಲಿಲ್ಲ. ಅವರ ಮನೆಗೆ ಯಾವ ನೀರು ಬರುತ್ತದೆಂದು ನಾನು ಕೇಳಿರಲಿಲ್ಲ, ಅಷ್ಟೆ.

ನಮ್ಮ ಮೂರು ತಾಲ್ಲೂಕುಗಳ ನೀರು ಒಂದೇ ಬಗೆಯದಲ್ಲ. ಕೊಳ್ಳೇಗಾಲ ಪಟ್ಟಣಕ್ಕೆ ಕಾವೇರಿ ಇದೆ. ಹನೂರಿನ ಗಡಸು ಕಲ್ಲಿನ ಪ್ರದೇಶದಲ್ಲಿ ಕೊಳವೆಬಾವಿಯೇ ಗತಿ. ಸುವರ್ಣಾವತಿ ಹರಿಯುವ ಯಳಂದೂರು ಸೀಮೆಯಲ್ಲೂ ಕೊಳವೆಬಾವಿ ನಂಬಿದ ಮನೆಗಳು ಅನೇಕ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ 10500 ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪಿತ ಮಿತಿಯೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಸಹ್ಯವೆಂದೂ ಹೇಳುತ್ತದೆ. ಕುಡಿಯಲು ಸಹ್ಯವಾದ ನೀರು ನಲ್ಲಿಗೂ ಸಹ್ಯವೆಂದು ತಿಳಿಯಬಾರದು. ಆಧುನಿಕ ನಲ್ಲಿಯ ಒಳಗೆ ಒಂದರ ಮೇಲೊಂದು ಜಾರುವ ಎರಡು ನುಣುಪಾದ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಶುದ್ಧ ನೀರಿನಲ್ಲಿ ಇವು ರಬ್ಬರ್ ವಾಷರಿಗಿಂತ ಬಹುಕಾಲ ಬಾಳುತ್ತವೆ. ಮರಳಿನ ಕಣ ಸಿಕ್ಕಿತೆಂದರೆ ಗೀರು ಬಿದ್ದು ಸೋರುತ್ತವೆ. ಹಳೆಯ ತಿರುಗಿಸುವ ನಲ್ಲಿಯಾದರೆ ಒಂದು ವಾಷರಿನಲ್ಲಿ ಕೆಲಸ ಮುಗಿಯುತ್ತಿತ್ತು. ಇದರಲ್ಲಿ ಕಾರ್ಟ್ರಿಜನ್ನೇ ಬದಲಿಸಬೇಕು. ಆದುದರಿಂದ ಕೊಳವೆಬಾವಿಯ ಮನೆಗೆ ಮಿಕ್ಸರ್ ಕೊಡುವಾಗ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಒಂದು ಜಾಲರಿ ಫಿಲ್ಟರನ್ನೂ ಸೇರಿಸಿ ಕೊಡುವುದು ವಿಹಿತ.

ಇನ್ನು ಒತ್ತಡ. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಸುಮಾರು ಒಂದು ಬಾರ್ ಒತ್ತಡ ದೊರೆಯುತ್ತದೆ. ನಮ್ಮಲ್ಲಿ ಬಹುಪಾಲು ಒಂದಂತಸ್ತಿನ ಮನೆಗಳು. ಟ್ಯಾಂಕ್ ಹತ್ತು ಅಡಿ ಮೇಲಿದ್ದರೆ ಸಿಗುವುದು 0.3 ಬಾರ್ ಮಾತ್ರ. ಚಿತ್ರಪುಸ್ತಕದಲ್ಲಿ ಮಳೆಯಂತೆ ಸುರಿಯುವ ಅಗಲವಾದ ಷವರ್ ಇಷ್ಟಕ್ಕೆ ಕೇವಲ ತೊಟ್ಟಿಕ್ಕುತ್ತದೆ. ಅಂಥ ಮನೆಗೆ ಎರಡು ಹಿಡಿಗಳ ವಾಲ್ ಮಿಕ್ಸರೇ ಸಾಕೆಂದು ಹೇಳುವ ಧೈರ್ಯ ನಮಗಿರಬೇಕು, ಬಿಲ್ಲಿನ ಮೊತ್ತ ಇಳಿದರೂ ಸರಿಯೆ. ಬಿಸಿನೀರು ಸೋಲಾರಿನಿಂದಲೂ ತಣ್ಣೀರು ನೇರವಾಗಿ ಪಂಪಿನ ಪೈಪಿನಿಂದಲೂ ಬರುವ ಮನೆಗಳಲ್ಲಿ ಮತ್ತೊಂದು ತೊಡಕಿದೆ. ಒತ್ತಡ ಹೆಚ್ಚಿರುವ ತಣ್ಣೀರು ಮಿಕ್ಸರಿನೊಳಗಿಂದ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಸೋಲಾರ್ ಕೆಟ್ಟಿದೆಯೆಂದು ಮನೆಯವರು ದೂರುತ್ತಾರೆ. ಎರಡೂ ಒಂದೇ ಟ್ಯಾಂಕಿನಿಂದ ಬರುವಂತೆ ಮಾಡಬೇಕು, ಇಲ್ಲವೇ ಹಿಂದೆ ಹರಿಯದಂತೆ ತಡೆಯುವ ವಾಲ್ವ್ ಹಾಕಿಸಬೇಕು.

ಹೊಳಪನ್ನು ನಂಬಬಾರದು. ಕ್ರೋಮ್ ಲೇಪದ ಕೆಳಗೆ ಹಿತ್ತಾಳೆಯೂ ಇರಬಹುದು, ಸತುವಿನ ಮಿಶ್ರಲೋಹವೂ ಇರಬಹುದು. ಅಯಸ್ಕಾಂತ ಎರಡಕ್ಕೂ ಅಂಟದು. ಕೈಯಲ್ಲಿ ತೂಗಿ ನೋಡಬೇಕು. ಅದೇ ಗಾತ್ರಕ್ಕೆ ಸತು ಸುಮಾರು ಐದರಲ್ಲಿ ಒಂದು ಭಾಗ ಹಗುರ. ಅಲಂಕಾರಿಕ ನಲ್ಲಿಗಳಿಗೆ ಭಾರತೀಯ ಮಾನಕ 8931, ಸಾಮಾನ್ಯ ತಿರುಪಿನ ನಲ್ಲಿಗಳಿಗೆ 781 ಇದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಗಿರಾಕಿಗೆ ತೋರಿಸಿ ಮಾರಿದರೆ ಚೌಕಾಸಿಯೂ ಕಡಿಮೆಯಾಗುತ್ತದೆ. ಶೌಚಾಲಯಕ್ಕೆ ತಂದ ಆಸಿಡ್ಡಿನಿಂದಲೇ ನಲ್ಲಿಯನ್ನೂ ಉಜ್ಜುವ ಅಭ್ಯಾಸ ನಮ್ಮವರಲ್ಲಿದೆ. ಕ್ರೋಮ್ ಕಿತ್ತುಹೋಗುವುದು ಹೆಚ್ಚಾಗಿ ಹೀಗೆಯೇ, ಬೈಗುಳ ಮಾತ್ರ ಅಂಗಡಿಯವನಿಗೆ.

ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳ ವಸತಿಗೃಹಗಳವರೂ ಕಲ್ಯಾಣಮಂಟಪಗಳವರೂ ನಮ್ಮ ದೊಡ್ಡ ಗಿರಾಕಿಗಳು. ಸಾವಿರ ಕೈ ತಿರುಗಿಸುವ ಜಾಗಕ್ಕೆ ನಾಜೂಕಿನ ಮಿಕ್ಸರ್ ತಕ್ಕುದಲ್ಲ. ಅಲ್ಲಿಗೆ ಗಟ್ಟಿಯಾದ ಹಿತ್ತಾಳೆ ನಲ್ಲಿ ಬೇಕು, ಅದರ ಬಾಯಿಗೊಂದು ಏರೇಟರ್ ಬೇಕು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ವಾಣಿಜ್ಯ ಕಟ್ಟಡಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಏರೇಟರ್ ಕಡ್ಡಾಯ ಮಾಡಿದ್ದು ನೀರಿನ ಅಭಾವದ ಒತ್ತಡದಿಂದ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ನಮ್ಮ ವಸತಿಗೃಹಗಳು ಆದೇಶಕ್ಕಾಗಿ ಕಾಯಬೇಕಿಲ್ಲ. ಸೆಕೆಂಡಿಗೊಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ನೀರು ಪೋಲಾಗುತ್ತದೆ. ಐವತ್ತು ಕೊಠಡಿಗಳಿದ್ದಲ್ಲಿ ಲೆಕ್ಕ ಹಾಕಿ ನೋಡಿರಿ.

ನನ್ನ ಮುಖ್ಯ ತಕರಾರು ಬಿಡಿಭಾಗಗಳದು. ಐದಾರು ಸಾವಿರದ ನಲ್ಲಿಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸುವ ನಾವು ಅದರ 35 ಅಥವಾ 40 ಮಿಲಿಮೀಟರ್ ಕಾರ್ಟ್ರಿಜ್ ಕೇಳಿದರೆ ಮೈಸೂರಿನ ಕಡೆ ಕೈ ತೋರಿಸುತ್ತೇವೆ. ಕಾರ್ಟ್ರಿಜಿಗೆಂದು ಮೈಸೂರಿಗೆ ಹೋದವನು ಮುಂದಿನ ನಲ್ಲಿಯನ್ನೂ ಅಲ್ಲಿಯೇ ಕೊಳ್ಳುತ್ತಾನೆ, ಇಲ್ಲವೇ ಮೊಬೈಲಿನಲ್ಲಿ ತರಿಸುತ್ತಾನೆ. ತಾನು ಮಾರುವ ಪ್ರತಿಯೊಂದು ಮಾದರಿಗೂ ಎರಡಾದರೂ ಕಾರ್ಟ್ರಿಜ್ ದಾಸ್ತಾನು ಇಡುವುದೆಂದು ನಮ್ಮ ವರ್ತಕ ಬಾಂಧವರು ಒಪ್ಪಿಕೊಳ್ಳಬೇಕು. ಸಂಘವು ಗಡಸುತನ ಅಳೆಯುವ ಒಂದು ಕಿಟ್ ತರಿಸಿ ಕಚೇರಿಯಲ್ಲಿಡಲಿ, ಮೂರು ತಾಲ್ಲೂಕುಗಳ ಪ್ಲಂಬರುಗಳನ್ನು ಒಂದು ದಿನ ಕರೆದು ಮಿಕ್ಸರ್ ಬಿಚ್ಚಿ ಕೂಡಿಸುವುದನ್ನು ಕಲಿಸಲಿ. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯ ಮಂಡಿಸಲಿದ್ದೇನೆ. ಕಿಟ್ಟಿನ ಖರ್ಚಿನಲ್ಲಿ ಅರ್ಧ ನನ್ನದು.