ರಿಯಾಯಿತಿ ಕೊಡಲಾರೆ

ಈಚೆಗೆ ಓದಿದ ಹದಿಹರೆಯದವರ ಕಾದಂಬರಿಗಳ ಬಗ್ಗೆ ದಾವಣಗೆರೆಯ ಗೆಳೆಯರ ನಡುವೆ ಬಾಯಿಬಿಟ್ಟೆ. ತಟ್ಟೆಯಲ್ಲಿದ್ದ ಮಂಡಕ್ಕಿ ಮುಗಿಯುವ ಮೊದಲೇ ಎರಡು ಕಡೆಯಿಂದಲೂ ಏಟು ಬಿತ್ತು. ಹಿರಿಯರ ಪ್ರಕಾರ ನಾನು ಅವನ್ನು ಓದಿದ್ದೇ ತಪ್ಪು. ಕಿರಿಯರ ಪ್ರಕಾರ ಓದಿ ಬೈದದ್ದು ತಪ್ಪು. ಅಲ್ಲಿ ಮಾತು ಹೊಳೆಯಲಿಲ್ಲ. ಬಾತಿ ಕೆರೆ ಕಾಣುವ ಹೊತ್ತಿಗೆ, ಬಸ್ಸಿನಲ್ಲಿ, ಒಂದೊಂದಾಗಿ ಹೊಳೆಯಿತು.

‘ಈ ವಯಸ್ಸಿನಲ್ಲಿ ಮಕ್ಕಳ ಪುಸ್ತಕವೇ?’ ಎಂದವರಿಗೆ ಉತ್ತರ ಬೇಕಿಲ್ಲ. ಕೇಳುವಾಗ ಅವರ ಕೈಯಲ್ಲಿ ರೀಲ್ಸ್ ಓಡುತ್ತಿತ್ತು.

‘ಮಾಯಮಂತ್ರದ ಕಾದಂಬರಿ ಇಂಗ್ಲಿಷರ ಸರಕು, ನಮ್ಮ ಮಣ್ಣಿನದಲ್ಲ’ ಎಂದರು ನಿವೃತ್ತ ಮೇಷ್ಟ್ರು. ಸಾರ್, ತಾವು ಹರಿಹರದವರು! ತಮ್ಮೂರ ಸ್ಥಳಪುರಾಣದ ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಕೊಟ್ಟ ವರವನ್ನು ದೇವರೂ ಮುರಿಯುವಂತಿಲ್ಲ. ಹಾಗಾಗಿ ಇಬ್ಬರೂ ಒಂದೇ ಮೈಯಾಗಿ ಬಂದು ಅವನ ಲೆಕ್ಕ ಮುಗಿಸಿದರು. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಗುಡಿ ಕಟ್ಟಿಸಿದ್ದು ಆ ಮೂರ್ತಿಗೇ. ಫ್ಯಾಂಟಸಿಗೆ ನಾನು ಹಿಡಿಯುವ ಅಳತೆಗೋಲು ತುಂಗಭದ್ರೆಯ ದಂಡೆಯಲ್ಲಿ ಸಿಕ್ಕಿದ್ದು: ಮಾಯೆಗೂ ಕಟ್ಟಳೆ ಇರಬೇಕು, ಕಥೆಗಾರ ತನಗೆ ಕಷ್ಟ ಬಂತೆಂದು ಅದನ್ನು ಸಡಿಲಿಸಬಾರದು.

‘ಬದುಕಿನಿಂದ ತಪ್ಪಿಸಿಕೊಳ್ಳುವ ಸಾಹಿತ್ಯ’ ಎಂಬ ಆರೋಪ ಇದಕ್ಕಿಂತ ಗಟ್ಟಿ. ಕೆಲವು ಪುಸ್ತಕಗಳಿಗೆ ಒಪ್ಪುತ್ತದೆ ಕೂಡ. ‘ಟ್ವೈಲೈಟ್’ ಓದುತ್ತ ನಾನು ತಪ್ಪಿಸಿಕೊಂಡದ್ದು ನಿದ್ದೆಯೊಳಕ್ಕೆ. ಆದರೆ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ತೆಗೆದು ನೋಡಿ. ಅಲ್ಲಿ ಮಂತ್ರ ಕಲಿಯುವ ಹುಡುಗರಿಗೆ ಗುರುಗಳು ಹೇಳಿಕೊಡುವ ಎಚ್ಚರಿಕೆ ಏನು? ಒಂದು ದ್ವೀಪಕ್ಕೆ ಮಳೆ ಕರೆದರೆ ಇನ್ನೊಂದಕ್ಕೆ ಬರ ಬಂದೀತು. ಭದ್ರಾ ನಾಲೆಯ ಕೊನೆಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕೆ? ಮೇಲ್ಗಡೆ ಪಂಪ್‌ಸೆಟ್ ಹಚ್ಚಿದರೆ ಕೆಳಗೆ ಗದ್ದೆ ಬಿರುಕು ಬಿಡುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಗೆಡ್ ಎಂಬ ಆ ಹುಡುಗ ಜಂಭಕ್ಕೆ ಬಿದ್ದು ಹೊರಗೆ ಬಿಟ್ಟ ನೆರಳು ಕೊನೆಗೆ ಅವನದೇ ಹೆಸರಿಗೆ ಓಗೊಡುತ್ತದೆ. ಇದು ತಪ್ಪಿಸಿಕೊಳ್ಳುವ ದಾರಿಯಂತೆ ನನಗೆ ಕಾಣಲಿಲ್ಲ.

ಇನ್ನು ಕಿರಿಯರ ಸಿಟ್ಟು. ಹ್ಯಾರಿ ಪಾಟರ್‌ನ ಐದನೆಯ ಪುಸ್ತಕವನ್ನು ‘ಗಿಡ ಸವರದ ತೋಟ’ ಎಂದೆನಂತೆ. ಅಂದದ್ದು ನಿಜ, ಹಿಂದೆಗೆಯುವುದಿಲ್ಲ. ಇಂಗ್ಲೆಂಡಿನ ಮುದ್ರಣದಲ್ಲಿ 766 ಪುಟ. ಅದರಲ್ಲಿ ಹ್ಯಾರಿ ಸಿಡುಕುವುದಕ್ಕೇ ಎಷ್ಟು ಪುಟ! ‘ಹದಿನೈದರ ಹುಡುಗ ಹಾಗೇ ಅಲ್ವಾ ಅಂಕಲ್?’ ಎಂದನೊಬ್ಬ. ಇರುತ್ತಾನಪ್ಪ, ನಮ್ಮ ಮನೆಯಲ್ಲೂ ಒಬ್ಬನಿದ್ದ. ಅವನನ್ನು ಸಹಿಸಿದ್ದು ಮಗನೆಂದು. ಪುಸ್ತಕಕ್ಕೆ ಆ ಋಣವಿಲ್ಲ. ಆದರೆ ಅದರಲ್ಲಿ ಪಾಠ ಹೇಳಲು ಬರುವ ಗುಲಾಬಿ ಸ್ವೆಟರಿನ ಅಂಬ್ರಿಜ್ ಮೇಡಂ ಮಾತ್ರ ಅದ್ಭುತ. ಬರೆದವನ ಕೈಯನ್ನೇ ಕೊಯ್ದು ಅವನ ರಕ್ತದಲ್ಲೇ ಬರೆಯಿಸುವ ಲೇಖನಿ, ದಿನಕ್ಕೊಂದು ಹೊಸ ಆದೇಶ! ಕಥೆಯ ಖಳ ವೋಲ್ಡೆಮೋರ್ಟ್‌ನಂಥವನು ಯಾರಿಗೂ ಎದುರಾಗುವುದಿಲ್ಲ, ಇಂಥ ಮೇಡಂ ಎಲ್ಲರಿಗೂ ಒಮ್ಮೆ ಎದುರಾಗಿರುತ್ತಾರೆ.

‘ತೇಜಸ್ವಿ ಇರುವಾಗ ಇವೆಲ್ಲ ಯಾಕೆ?’ ಎಂದು ಮೇಷ್ಟ್ರು ಮತ್ತೆ ಕೇಳಿದರು. ‘ಕರ್ವಾಲೊ’ವನ್ನು ಇನ್ನೊಬ್ಬರನ್ನು ಹೊಡೆಯುವ ಕೋಲಾಗಿಸುವುದು ನನಗೆ ಹಿಡಿಸದು. ಹೋಲಿಸಲೇಬೇಕೆಂದರೆ ಕೊನೆಯನ್ನು ಹೋಲಿಸೋಣ. 1980ರ ಆ ಕಾದಂಬರಿಯಲ್ಲಿ ಅಷ್ಟು ದೂರ ಕಾಡು ಅಲೆದು ಕಂಡ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಪಾಟರ್‌ನ ಏಳನೆಯ ಪುಸ್ತಕದ ಕೊನೆಯಲ್ಲೋ, ಹತ್ತೊಂಬತ್ತು ವರ್ಷ ದಾಟಿಸಿ ಮದುವೆ, ಮಕ್ಕಳು, ರೈಲು. ರೌಲಿಂಗ್ ಏನನ್ನೂ ಕಣಿವೆಗೆ ಹಾರಲು ಬಿಡಲಿಲ್ಲ.

ಒಂದೇ ಒಂದು ಮಾತಿಗೆ ಸೋತೆ. ‘ಹಂಗರ್ ಗೇಮ್ಸ್’ನ ಮೊದಲ ಭಾಗವನ್ನು ಹೊಗಳಿ ಮೂರನೆಯದನ್ನು ಹಳಿದೆ. ‘ಪೂರ್ತಿ ಓದಿದ್ರಾ?’ ಎಂದಳು ಮೂಲೆಯಲ್ಲಿ ಕೂತಿದ್ದ ಪಿಯುಸಿ ಹುಡುಗಿ. ಇಲ್ಲ, ಅರ್ಧದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟಿದ್ದೇನೆ. ಮುಗಿಸಿದ ಮೇಲೆ ಬೈಗುಳ ಮುಂದುವರಿಸುತ್ತೇನೆ.