ಬೆಳಕನ್ನು ನೆನಪಿಡುವ ಗಾಜು

ಜೋಯಿಡಾ ಸೀಮೆಯ ಕಾಡುಗಳ ನೆಲದಲ್ಲಿ ಮ್ಯಾಂಗನೀಸ್ ಅದಿರು ಅಡಗಿದೆ. ಅದನ್ನು ಅಗೆದು ತೆಗೆದ ಕಾಲವೊಂದಿತ್ತು. ದಾಂಡೇಲಿಯಲ್ಲಿ ಅದನ್ನು ಕರಗಿಸುವ ಕುಲುಮೆಯೂ ಇತ್ತು. ಉಕ್ಕಿಗೆ ಬಲ ಕೊಡುವ ಈ ಲೋಹ ಗಾಜಿಗೂ ಬೇಕಾದುದೆಂಬುದನ್ನು ವಾಚಕರು ಬಲ್ಲರೆ?

ಮರಳಿನಲ್ಲಿ ಕಬ್ಬಿಣದ ಅಂಶವಿದ್ದರೆ ಗಾಜಿಗೆ ಹಸುರು ಛಾಯೆ ಬರುತ್ತದೆ. ಚಿಟಿಕೆ ಮ್ಯಾಂಗನೀಸ್ ಬೆರೆಸಿದರೆ ಅದು ಮರೆಯಾಗುತ್ತದೆ. ಆದರೆ ಅಂಥ ಗಾಜು ವರ್ಷಗಟ್ಟಲೆ ಬಿಸಿಲುಂಡರೆ ತಾನೇ ನೇರಿಳೆ ಬಣ್ಣಕ್ಕೆ ತಿರುಗುವುದು! 1820ರ ದಶಕದಲ್ಲಿಯೇ ಮೈಕೆಲ್ ಫ್ಯಾರಡೆ ಇದನ್ನು ಪರೀಕ್ಷಿಸಿದ್ದರು. ಬಿಸಿಲಿನ ಅತಿನೇರಿಳೆ ಕಿರಣವು ಮ್ಯಾಂಗನೀಸಿನಿಂದ ಎಲೆಕ್ಟ್ರಾನೊಂದನ್ನು ಕಸಿದುಕೊಳ್ಳುವುದೇ ಇದಕ್ಕೆ ಕಾರಣ. ಗಾಜಿಗೂ ಬೆಳಕಿನ ನೆನಪು ಉಳಿಯುತ್ತದೆಂದಾಯಿತು.

ಈ ನೆನಪನ್ನು ಬೇಕಾದೆಡೆ ಬರೆಯಲು ಕಲಿಸಿದವರು ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಡೊನಾಲ್ಡ್ ಸ್ಟೂಕಿ. ಅವರ ಲಿಥಿಯಂ ಗಾಜಿನಲ್ಲಿ ಸೀರಿಯಂ ಹಾಗೂ ಬೆಳ್ಳಿಯ ಸೂಕ್ಷ್ಮಾಂಶವಿತ್ತು. ಅತಿನೇರಿಳೆ ಬೆಳಕು ತಗಲಿದ ಕಡೆ ಸೀರಿಯಂ ಕೊಟ್ಟ ಎಲೆಕ್ಟ್ರಾನನ್ನು ಬೆಳ್ಳಿ ಪಡೆಯುತ್ತದೆ. ಬಳಿಕ ಕಾಸಿದರೆ ಬೆಳ್ಳಿಯ ಕಣಗಳು ಒಟ್ಟುಗೂಡಿ, ಹಾಲಿಗೆ ಹಾಕಿದ ಹೆಪ್ಪಿನಂತೆ, ಸುತ್ತಲೂ ಸ್ಫಟಿಕಗಳನ್ನು ಕಟ್ಟಿಸುತ್ತವೆ. 1953ರಲ್ಲೊಮ್ಮೆ 600 ಡಿಗ್ರಿಯಲ್ಲಿ ನಿಲ್ಲಬೇಕಿದ್ದ ಕುಲುಮೆ 900ಕ್ಕೆ ಏರಿತು. ಗಾಜು ಕರಗಿಹೋಗಿರಬೇಕೆಂದು ಬಾಗಿಲು ತೆರೆದರೆ ಒಳಗೆ ಬಿಳಿಯ ಫಲಕ! ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಅದು ಒಡೆಯಲಿಲ್ಲ. ಒಲೆಯ ಮೇಲಿಡಬಲ್ಲ ಬಿಳಿಯ ಪಾತ್ರೆಗಳ ವಂಶ ಅಲ್ಲಿಂದ ಬೆಳೆಯಿತು.

ಅರೆಪಾಲು ಮಾತ್ರ ಸ್ಫಟಿಕವಾದರೆ ಇನ್ನೊಂದು ಸೋಜಿಗ. 1961ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಲೇಸರಿನ ಕೆಂಪು ಬೆಳಕನ್ನು ಬೆಣಚಿನ ಸ್ಫಟಿಕದ ಮೂಲಕ ಹಾಯಿಸಿದಾಗ, ಅಲೆಯುದ್ದ ಅರ್ಧವಾದ ಅತಿನೇರಿಳೆ ಕಿರಣವೂ ಲೇಶಮಾತ್ರ ಹೊರಬಂದಿತು. ಬೆಳಕು ಪ್ರಬಲವಾದಾಗ ವಸ್ತುವಿನ ವರ್ತನೆಯೇ ಬದಲಾಗುತ್ತದೆ. ಸಾಮಾನ್ಯ ಗಾಜಿನಿಂದ ಈ ಬಣ್ಣಬದಲು ಆಗದು. ಅದರ ಪರಮಾಣುಗಳು ಸಂತೆಯ ಜನರಂತೆ ದಿಕ್ಕಿಗೊಂದಾಗಿ ನಿಂತು ಒಂದರ ಫಲವನ್ನು ಇನ್ನೊಂದು ಅಳಿಸುತ್ತದೆ. ಲಿಥಿಯಂ ಸಿಲಿಕೇಟಿನ ಸ್ಫಟಿಕಕ್ಕೆ ಆ ಶಕ್ತಿಯಿದೆ.

ಆದರೆ ಹದ ತಪ್ಪಬಾರದು. ಸ್ಫಟಿಕಗಳು ದೊಡ್ಡವಾದರೆ ಬೆಳಕು ಚದುರಿ ಗಾಜು ಹಾಲಿನಂತಾಗುತ್ತದೆ. ತೀರ ವಿರಳವಾದರೆ ಫಲ ಸಾಲದು. ಒಂದೇ ದೊಡ್ಡ ಸ್ಫಟಿಕವನ್ನು ಬೆಳೆಸುವುದು ತಾಳ್ಮೆಯ, ವೆಚ್ಚದ ಕೆಲಸ. ಗಾಜನ್ನಾದರೋ ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಆದುದರಿಂದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಬಗೆಬಗೆಯ ಗಾಜುಗಳೊಳಗೆ ಸೂಕ್ಷ್ಮ ಸ್ಫಟಿಕ ಬೆಳೆಸಿ ಈ ಗುಣವನ್ನು ಪರೀಕ್ಷಿಸಿದ್ದಾರೆ.

ಅಟ್ಟದ ಹಳೆಯ ಸೀಸೆಯೊಂದು ನೇರಿಳೆಗೆ ತಿರುಗಿದ್ದರೆ, ಕೆಟ್ಟಿತೆಂದು ಎಸೆಯಬೇಡಿ. ಅದು ಉಂಡ ಬಿಸಿಲಿನ ಲೆಕ್ಕ ಅದರಲ್ಲಿದೆ.