ಬೆಟ್ಟದ ದರಕಿಗೂ ಲೆಕ್ಕ ಬೇಕು
ಶಿರಸಿ, ಸಿದ್ದಾಪುರದ ಕಡೆ ಬೇಸಿಗೆ ಬಂತೆಂದರೆ ದರಕು ಗುಡಿಸುವ ಕೆಲಸ. ಒಣಗಿದ ಎಲೆ ಕೊಟ್ಟಿಗೆಗೆ ಹೋಗಿ, ಸಗಣಿ-ಗಂಜಲ ಕುಡಿದು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಹೀಗೆ ಸೊಪ್ಪು, ದರಕು ತರಲೆಂದೇ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಎಂಬ ಸವಲತ್ತು ಬ್ರಿಟಿಷರ ಕಾಲದ್ದು.

ತೋಟಕ್ಕೆ ಲಾಭ, ಸರಿ. ಬೆಟ್ಟಕ್ಕೆ?

ಎಲೆ ಉದುರಿಸುವ ಮುನ್ನ ಮರ ಅದರಲ್ಲಿನ ಸಾರಜನಕ, ರಂಜಕದ ಒಂದು ಪಾಲನ್ನು ಒಳಗೆಳೆದುಕೊಳ್ಳುತ್ತದೆ. ಅಷ್ಟು ಜಿಪುಣ ಸಂಸಾರಿ ಊರಲ್ಲೂ ಸಿಗಲಾರ. ಉಳಿದದ್ದನ್ನು ಗೆದ್ದಲು, ಶಿಲೀಂಧ್ರಗಳು ಕೊಳೆಸಿ ಬೇರಿಗೆ ಮರಳಿಸಬೇಕು. ಮಳೆಗಾಲದಲ್ಲಿ ಒದ್ದೆ ದರಕಿನ ಪದರ ಎತ್ತಿದರೆ ಶಿಲೀಂಧ್ರದ ಬಿಳಿ ಎಳೆಗಳ ಬಲೆ ಕಾಣುತ್ತದೆ. ಎಲೆಯ ಇಂಗಾಲ ಬಹುಪಾಲು ಇಂಥ ಜೀವಿಗಳ ಉಸಿರಾಗಿ ಗಾಳಿಗೆ ಹೋಗುತ್ತದೆ, ಸ್ವಲ್ಪ ಮಣ್ಣಲ್ಲಿ ಉಳಿಯುತ್ತದೆ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಹಿಡಿಯುವುದರಿಂದ ಮರಕ್ಕೆ ಈ ದರಕೇ ದೊಡ್ಡ ಆಸರೆ.

ವರ್ಷವೂ ಗುಡಿಸಿ, ಮೇಲಿಂದ ಕೊಂಬೆಯನ್ನೂ ಸವರಿದರೆ ಬೆಟ್ಟ ಬೋಳಾಗದೆ ಇನ್ನೇನಾದೀತು? ಅಕೇಶಿಯಾ ನೆಟ್ಟು ಹಸಿರಾಯಿತೆನ್ನುವುದು ಸುಲಭ. ಅದು ಸಾರಜನಕ ಸ್ಥಿರೀಕರಿಸುತ್ತದೆ ನಿಜ, ಆದರೆ ಅದರ ಗಡಸು ಎಲೆ ಕೊಳೆಯುವುದು ನಿಧಾನ. ಅದರ ಬದಲು ಬೆಟ್ಟದ ಒಂದೊಂದು ಭಾಗಕ್ಕೆ ಸರದಿಯಂತೆ ಎರಡು-ಮೂರು ವರ್ಷ ರಜೆ ಸಿಗಲಿ. ಗಿಡ ನೆಡಲು ಹಣ ಕೊಡುವ ಸರ್ಕಾರ, ಹೀಗೆ ದರಕು ಬಿಟ್ಟುಕೊಟ್ಟ ರೈತನಿಗೂ ಗೊಬ್ಬರದ ಖರ್ಚು ತುಂಬಿಕೊಡಲಿ.